ಕಲಬುರಗಿಯಲ್ಲಿ ಸ್ಪೋರ್ಟ್ಸ್ ಕಾರ್: ಕೊಳ್ಳುವ ಮೊದಲು, ಕೊಂಡ ಮೇಲೆ

ಕಲಬುರಗಿಯಲ್ಲಿ ಸ್ಪೋರ್ಟ್ಸ್ ಕಾರ್ ತಗೊಳ್ಳಬೇಕು ಅಂತ ಮನಸ್ಸು ಮಾಡಿದವರು ಶೋರೂಮಿಗೆ ಫೋನ್ ಹಚ್ಚುವ ಮೊದಲು ಒಂದು ಅಳತೆ ಟೇಪ್ ಹಿಡಿದು ಸ್ವಂತ ಮನೆ ಗೇಟಿನ ಹತ್ತಿರ ಹೋಗಿ. ನಮ್ಮ ಕಡೆ ಮಳೆ ನೀರು ಒಳಗೆ ಬರಬಾರದು ಅಂತ ಪೋರ್ಚನ್ನು ಎತ್ತರಿಸಿ ಕಟ್ಟುತ್ತಾರೆ. ಮುಂದೆ ಗಟಾರ, ಅದರ ಮೇಲೆ ಶಹಾಬಾದ್ ಕಲ್ಲು, ಅಲ್ಲಿಂದ ಗಿಡ್ಡಾಗಿ ಕಡಿದಾದ ಒಂದು ರ‍್ಯಾಂಪ್. ಸ್ವಿಫ್ಟ್ ಆರಾಮಾಗಿ ಹತ್ತುತ್ತದೆ, ಅದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಹೊಟ್ಟೆಗೂ ನಡುವಿನ ಅಂತರ, 163 ಮಿ.ಮೀ. ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ 120ರಿಂದ 140ರ ಒಳಗೆ ಇರುತ್ತವೆ, ಮೂತಿ ಬೇರೆ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ರ‍್ಯಾಂಪಿನ ಬುಡದಲ್ಲಿ ಬಂಪರಿನ ತುಟಿ ಉಜ್ಜುತ್ತದೆ, ತುದಿಯಲ್ಲಿ ಹೊಟ್ಟೆ ಉಜ್ಜುತ್ತದೆ.

ಇದಕ್ಕೆ ಔಷಧಿ ಸುಲಭ. ಗೌಂಡಿಯನ್ನು ಕರೆಸಿ ರ‍್ಯಾಂಪನ್ನು ಉದ್ದ ಮಾಡಿಸಿ, ತುದಿಯ ಏಣನ್ನು ಗುಂಡಗೆ ಮಾಡಿಸಿ. ಕೋಟಿ ರೂಪಾಯಿ ಗಾಡಿಗೆ ಎರಡು ಚೀಲ ಸಿಮೆಂಟಿನ ಖರ್ಚು ದೊಡ್ಡದಲ್ಲ. ಆದರೆ ಓಣಿಯ ಹಂಪ್ ನಿಮ್ಮ ಕೈಯಲ್ಲಿ ಇಲ್ಲ. ಯಾರದೋ ಮನೆ ಮುಂದೆ ಮಕ್ಕಳು ಆಡುತ್ತಾರೆ ಅಂತ ರಾತ್ರೋರಾತ್ರಿ ಎಬ್ಬಿಸಿದ ಹಂಪುಗಳು ನಮ್ಮ ಊರಲ್ಲಿ ಕಡಿಮೆಯೇನೂ ಇಲ್ಲ, ಅವುಗಳಿಗೆ ಅಳತೆ ಇಲ್ಲ, ಬಣ್ಣ ಇಲ್ಲ. ದಿನಾ ಹೋಗುವ ದಾರಿಯಲ್ಲಿ ಅಂಥವು ಎಷ್ಟಿವೆ ಅಂತ ಒಮ್ಮೆ ನೋಡಿಕೊಂಡು ಬನ್ನಿ. ನೆನಪಿರಲಿ, ಮೂತಿ ದಾಟಿತು ಅಂದ ಮಾತ್ರಕ್ಕೆ ಗಾಡಿ ದಾಟಿತು ಅಂತಲ್ಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅಂತರ ಜಾಸ್ತಿ ಇದ್ದಷ್ಟು ನಡುಹೊಟ್ಟೆ ತಾಕುವ ಸಾಧ್ಯತೆ ಜಾಸ್ತಿ, ಒಳಗೆ ನಾಲ್ಕು ಜನ ಕೂತರೆ ಇನ್ನೂ ಜಾಸ್ತಿ. ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ದಾಟುವುದು ಅಭ್ಯಾಸವಾಗಬೇಕು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ ಬಿಡಿ.

ಪೋರ್ಷೆ 911ರಲ್ಲಿ ಮುಂಭಾಗ ಎತ್ತುವ ವ್ಯವಸ್ಥೆ ಆಪ್ಷನ್ ಆಗಿ ಸಿಗುತ್ತದೆ. ಹಳೇ ಗಾಡಿ ತಗೊಳ್ಳುವವರು ಸನ್‌ರೂಫ್ ಇದೆಯಾ ಅಂತ ಕೇಳುವುದಕ್ಕಿಂತ ಇದು ಇದೆಯಾ ಅಂತ ಮೊದಲು ಕೇಳಿ.

ಯಾವ ಗಾಡಿ

ನನ್ನ ಲೆಕ್ಕದಲ್ಲಿ ನಮ್ಮ ಭಾಗಕ್ಕೆ ಹೊಂದುವುದು ಅರ್ಧ ಸಂಸಾರಿ, ಅರ್ಧ ಪುಂಡ ಗಾಡಿ. ಅಂದರೆ ನಾಲ್ಕು ಬಾಗಿಲು, ಡಿಕ್ಕಿ ಇರಬೇಕು, ಆದರೆ ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟಬೇಕು. ಬಿಎಂಡಬ್ಲ್ಯೂ ಎಂ340ಐ ಇದಕ್ಕೆ ಒಳ್ಳೆ ಉದಾಹರಣೆ. ಆರು ಸಿಲಿಂಡರ್, 374 ಹಾರ್ಸ್‌ಪವರ್, 500 ನ್ಯೂಟನ್ ಮೀಟರ್ ಟಾರ್ಕ್, ನಿಂತಲ್ಲಿಂದ ನೂರಕ್ಕೆ 4.4 ಸೆಕೆಂಡ್, ನಾಲ್ಕೂ ಗಾಲಿಗೆ ಶಕ್ತಿ. ಚೆನ್ನೈಯಲ್ಲೇ ಜೋಡಿಸಿದ್ದು, ಹಾಗಾಗಿ ಪೂರ್ತಿ ಹೊರಗಿನಿಂದ ತಂದ ಗಾಡಿಯಷ್ಟು ದುಬಾರಿ ಬೀಳುವುದಿಲ್ಲ. ಬಜೆಟ್ ಇದರ ಕೆಳಗೆ ಇದ್ದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇದೆ, 2025ರ ಮೇ ತಿಂಗಳಲ್ಲಿ 53 ಲಕ್ಷಕ್ಕೆ ಬಂತು, 265 ಪಿಎಸ್ (ಹಾರ್ಸ್‌ಪವರಿಗೆ ಹತ್ತಿರದ ಅಳತೆ). ಅದೇ ವರ್ಷ ಅಕ್ಟೋಬರಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷಕ್ಕೆ ಬಂತು, 265 ಪಿಎಸ್, ಆದರೆ ಬಂದದ್ದೇ 100 ಗಾಡಿ. ಇವೆರಡೂ ಹೊರಗಿನಿಂದ ಪೂರ್ತಿ ತಯಾರಾಗಿ ಬಂದವು. ಒಂದು ಬಂಪರ್ ಒಡೆದರೂ ಕಾಯುವ ಸಹನೆ ಬೇಕು.

ಫೋರ್ಡಿನ ಮಸ್ಟಾಂಗ್ ಆಸೆ ಬಹಳ ಜನರಿಗೆ ಇರುತ್ತದೆ, ಐದು ಲೀಟರ್ ವಿ8 ಸದ್ದಿಗೆ ಸೋಲದವರು ಯಾರು ಹೇಳಿ. ಆದರೆ ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಪಾರ್ಟ್ಸ್ ಎಲ್ಲಿಂದ, ಎಷ್ಟು ದಿನಕ್ಕೆ ಬರುತ್ತವೆ ಅಂತ ಬರಹದಲ್ಲಿ ಖಾತ್ರಿ ಮಾಡಿಕೊಳ್ಳದೆ ಮುಂಗಡ ಕೊಡಬೇಡಿ.

ಸರ್ವಿಸ್ ವಿಷಯಕ್ಕೆ ಬಂದರೆ, ನಮಗೆ ದಾರಿ ಹೈದರಾಬಾದ್. ಕಲಬುರಗಿಯಿಂದ ಸುಮಾರು 220 ಕಿ.ಮೀ., ಬೀದರಿನವರಿಗೆ 140ರ ಆಸುಪಾಸು. ಬೆಂಗಳೂರು ನಮ್ಮ ರಾಜಧಾನಿ, ಆದರೆ ಆಯಿಲ್ ಬದಲಾಯಿಸಲು ಅಷ್ಟು ದೂರ ಯಾರು ಹೋಗುತ್ತಾರೆ? ಹಾಗಾಗಿ ಗಾಡಿಗೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ರೋಡ್‌ಸೈಡ್ ಅಸಿಸ್ಟೆನ್ಸ್ ಕಲಬುರಗಿ, ಯಾದಗಿರಿ ತನಕ ಬರುತ್ತದಾ? ಫ್ಲಾಟ್‌ಬೆಡ್ ಲಾರಿಗೆ (ಇಡೀ ಗಾಡಿಯನ್ನು ಮೇಲೆ ಹೊತ್ತೊಯ್ಯುವಂಥದ್ದು) ಎಷ್ಟು ಕಿ.ಮೀ. ತನಕ ಉಚಿತ, ಆಮೇಲೆ ಕಿಲೋಮೀಟರಿಗೆ ಎಷ್ಟು? ಎರಡನೇ ಪ್ರಶ್ನೆಗೆ ಸೇಲ್ಸ್ ಹುಡುಗರು ನಕ್ಕು ಮಾತು ಬದಲಿಸುತ್ತಾರೆ, ನೀವು ಬದಲಿಸಬೇಡಿ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದಾಗಲಿ, ಎರಡು ಗಾಲಿ ನೆಲದ ಮೇಲೆ ಬಿಟ್ಟು ಎತ್ತುವುದಾಗಲಿ ಮಾಡಿದರೆ ಗೇರ್‌ಬಾಕ್ಸಿನ ಕಥೆ ಮುಗಿಯುತ್ತದೆ. ಜೇವರ್ಗಿ ರಸ್ತೆಯಲ್ಲಿ ಕೆಟ್ಟು ನಿಂತಾಗ ಟ್ರ್ಯಾಕ್ಟರಿನವರು ಪ್ರೀತಿಯಿಂದಲೇ ಬಂದು "ಎಳೀತೀನ್ರಿ ಸಾಹುಕಾರ್ರ" ಅಂತಾರೆ. ಕೈಮುಗಿದು ಬೇಡ ಅನ್ನಿ.

ಟ್ಯಾಕ್ಸ್ ಮತ್ತು ಕಾಗದ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್ ಶೇ 11. ಎರಡೂ ಸೇರಿದರೆ ಬೆಲೆಯ ಸುಮಾರು ಐದನೇ ಒಂದು ಭಾಗ. 60 ಲಕ್ಷದ ಗಾಡಿಗೆ ತೆರಿಗೆ 10.80 ಲಕ್ಷ, ಸೆಸ್ 1.18 ಲಕ್ಷ ಚಿಲ್ಲರೆ, ಒಟ್ಟು ಹತ್ತಿರ ಹತ್ತಿರ 12 ಲಕ್ಷ. 10 ಲಕ್ಷ ದಾಟಿದ ಗಾಡಿಗೆ ಡೀಲರ್ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಇದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಆಡಿಟರಿಗೆ ಹೇಳಲು ಮರೆಯಬೇಡಿ. ಇನ್ನು ನೆಹರು ಗಂಜಿನ ಅಡತ್ ವ್ಯಾಪಾರದವರಿಗೆ ಒಂದು ಮಾತು. ತೊಗರಿ ಸೀಜನ್ ಮುಗಿದ ಮೇಲೆ ನೋಟಿನ ಕಟ್ಟು ತಗೊಂಡು ಹೋಗಿ ಗಾಡಿ ಬಿಡಿಸುವ ಕಾಲ ಹೋಯಿತು, ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಮಾರಿದವನು ಅಷ್ಟೇ ದುಡ್ಡು ದಂಡ ಕಟ್ಟಬೇಕು, ಹಾಗಾಗಿ ಸರಿಯಾದ ಡೀಲರ್ ತಗೊಳ್ಳುವುದೂ ಇಲ್ಲ.

ತೆರಿಗೆ ಉಳಿಸಲು ಪುದುಚೇರಿ ನಂಬರ್ ಹಾಕಿಸಿಕೊಡುತ್ತೇವೆ ಅನ್ನುವ ಏಜೆಂಟರು ಈಗಲೂ ಸಿಗುತ್ತಾರೆ. ಬೇಡ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟರೆ ಇಲ್ಲಿನ ನಂಬರ್ ಆಗಲೇಬೇಕು, ಇದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡಿತು. ಅಲ್ಲಿ ಸಾವಿರ ಗಾಡಿಗಳ ನಡುವೆ ಸಿಕ್ಕಿಬಿದ್ದಿದೆ ಅಂದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಮುಂದೆ ನಿಮ್ಮ ಹಳದಿ ಗಾಡಿ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಅನ್ನಿಸುತ್ತದಾ?

ಹೈದರಾಬಾದಿನಲ್ಲಿ ಹಳೇ ಗಾಡಿ ತಗೊಂಡರೆ ದಾರಿ ಹೀಗೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಹೆಸರು ಬದಲಾಯಿಸಲು ಫಾರಂ 29 ಮತ್ತು 30, ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರಂ 35, ಇಲ್ಲಿಗೆ ಬಂದು ಕೆಎ 32 ನಂಬರಿಗೆ ಫಾರಂ 27. ಯಾದಗಿರಿಯವರಿಗೆ ಕೆಎ 33, ಬೀದರಿಗೆ ಕೆಎ 38. ಗಾಡಿಯ ವಯಸ್ಸು ನೋಡಿ ತೆರಿಗೆ ಇಳಿಯುತ್ತದೆ. ಹಳೇ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲು ವಾಪಸ್ ಕೇಳುವ ಅರ್ಜಿಯನ್ನು ಆಮೇಲೆ ಹಾಕಬೇಕು, ಅದಕ್ಕೆ ಓಡಾಟ ಬೇಕು, ಆದರೆ ಮೊತ್ತ ದೊಡ್ಡದಿದ್ದರೆ ಬಿಡಬೇಡಿ. ಈ ಇಡೀ ಲೆಕ್ಕವನ್ನು ಚೌಕಾಸಿಗೆ ಮೊದಲೇ ಹಾಕಿ. ಹೈದರಾಬಾದಿನಲ್ಲಿ ಅಗ್ಗ ಅನ್ನಿಸಿದ ಗಾಡಿ ಕೆಎ 32 ಆಗುವಷ್ಟರಲ್ಲಿ ಅಗ್ಗ ಉಳಿದಿರುವುದಿಲ್ಲ.

ಇನ್ಶೂರೆನ್ಸ್ ಬಗ್ಗೆ ಚುಟುಕಾಗಿ: ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆ ಹೋಗುತ್ತದೆ, ಗಾಡಿ ಜೊತೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ಝೀರೋ ಡೆಪ್ (ಪಾರ್ಟ್ಸ್ ಹಳೆಯದಾಯಿತು ಅಂತ ದುಡ್ಡು ಕಡಿತ ಮಾಡದ ಕವರ್) ಮತ್ತು ಎಂಜಿನ್ ರಕ್ಷಣೆ ಎರಡೂ ಇರಲಿ, ಟೈರಿಗೂ ಕವರ್ ಸಿಕ್ಕರೆ ಅದನ್ನೂ ಹಾಕಿಸಿ, ನಮ್ಮ ಗುಂಡಿಗಳಿಗೆ ಅದು ಬೇಕೇ ಬೇಕು.

ಹಳೇ ಗಾಡಿ ನೋಡುವಾಗ

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರುತ್ತೀರಿ ಅಂತ ಮೊದಲೇ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ, ಟಕಟಕ ಸದ್ದು ಇದ್ದರೆ ಚಹಾ ಕುಡಿದು ವಾಪಸ್ ಬನ್ನಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ, ಒಂದೇ ಬಾಗಿಲಲ್ಲಿ 300 ತೋರಿಸಿದರೆ ಅಲ್ಲಿ ಏನೋ ಆಗಿದೆ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ನೀರಲ್ಲಿ ಮುಳುಗಿದ ಗಾಡಿ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನೆರೆ ಬಂದಿತ್ತು. ಅಲ್ಲಿ ಮುಳುಗಿದ ಗಾಡಿ ತೊಳೆಸಿಕೊಂಡು ಎಲ್ಲಿ ಬೇಕಾದರೂ ಮಾರಾಟಕ್ಕೆ ಬರಬಹುದು.

ಚಾಸಿ ನಂಬರ್ ತಗೊಂಡು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಳೇ ಬಿಲ್ಲುಗಳನ್ನು ತೆಗೆಸಿ. ಅವರ ಹತ್ತಿರವೇ ದುಡ್ಡು ಕೊಟ್ಟು ಪೂರ್ತಿ ತಪಾಸಣೆ ಮಾಡಿಸಿ, ಕಂಪ್ಯೂಟರ್ ಸ್ಕ್ಯಾನ್ ಸಹಿತ. ಸ್ಕ್ಯಾನಿಗೆ ಒಪ್ಪದ ಮಾಲೀಕನ ಜೊತೆ ವಾದ ಮಾಡಬೇಡಿ, ಬೇರೆ ಗಾಡಿ ನೋಡಿ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಸಾಲ, ಚಲನ್, ಬ್ಲ್ಯಾಕ್‌ಲಿಸ್ಟ್ ಎಲ್ಲ ಕಾಣುತ್ತದೆ.

ಹೊಂದಿಸುವ ಕೆಲಸ

ಗಾಡಿ ಕೈಗೆ ಬಂತು. ಕಲಬುರಗಿಗೆ ಓಡಿಸಿಕೊಂಡು ಬರುವ ಮೊದಲೇ ಹೈದರಾಬಾದಿನಲ್ಲಿ ಬಂಪರ್, ಬಾನೆಟ್, ಮುಂದಿನ ಫೆಂಡರ್, ಹಿಂದಿನ ಗಾಲಿಯ ಮುಂದಿನ ಭಾಗಕ್ಕೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿ. ಇಡೀ ಗಾಡಿಗೆ ಹಾಕಿಸುವುದು ನಿಮ್ಮ ಜೇಬಿಗೆ ಬಿಟ್ಟಿದ್ದು. ಮೊದಲು ಹಾಕಿಸಿ ಅಂತ ಯಾಕೆ ಹೇಳುತ್ತೇನೆ ಅಂದರೆ ಜಹೀರಾಬಾದ್, ಹುಮನಾಬಾದ್ ದಾಟಿ ಬರುವ ದಾರಿಯಲ್ಲಿ ಲಾರಿಗಳು ಸಿಡಿಸುವ ಜಲ್ಲಿಕಲ್ಲು ಮೊದಲ ದಿನವೇ ಬಣ್ಣಕ್ಕೆ ಚುಕ್ಕಿ ಇಡುತ್ತದೆ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಲಾರಿ, ಕಲ್ಲಿನ ಲಾರಿಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಓವರ್‌ಟೇಕ್ ಮಾಡಲು ಆಗದಿದ್ದರೆ ಐವತ್ತು ಮೀಟರ್ ಹಿಂದೆ ಇರಿ.

ಇನ್ನು ಟೈರ್. ನಿಮಗೆ ಒಂದೇ ಒಂದು ಕಡೆ ದುಡ್ಡು ಸುರಿಯುವ ಅವಕಾಶ ಇದ್ದರೆ ಅಲ್ಲಿ ಸುರಿಯಿರಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ನೇ ಇಸವಿಯ 23ನೇ ವಾರ. ಹಳೇ ಸ್ಪೋರ್ಟ್ಸ್ ಕಾರುಗಳು ಓಡಿರುವುದು ಕಡಿಮೆ, ಹಾಗಾಗಿ ಟೈರಿನ ಹಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ಐದಾರು ವರ್ಷ ದಾಟಿದ್ದರೆ ನಾಲ್ಕೂ ಬದಲಾಯಿಸಿ. ಏಪ್ರಿಲ್ ಮೇ ತಿಂಗಳ 42, 43 ಡಿಗ್ರಿ ಬಿಸಿಲಲ್ಲಿ ಡಾಂಬರು ಇನ್ನೂ ಬಿಸಿ ಇರುತ್ತದೆ, ಅಂಥ ರಸ್ತೆಯಲ್ಲಿ ಹಳೇ ಟೈರ್ ಹಾಕಿ ಜೋರಾಗಿ ಹೋಗುವುದು ಜೀವದ ಜೊತೆ ಜೂಜು.

ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಮಾತ್ರ ನೋಡಿ. ಹತ್ತು ಡಿಗ್ರಿ ತಾಪ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ "ಜಾಸ್ತಿ ಐತಿ, ಸ್ವಲ್ಪ ಬಿಡು" ಅಂತ ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಟೈರ್ ಮೆತ್ತಗಾಗಿರುತ್ತದೆ, ಆಗ ಒಂದು ಗುಂಡಿ ಸಾಕು, ಅಲಾಯ್ ಬಾಗಲು. ಸ್ವಂತ ಗೇಜ್, ಒಂದು ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿ ಇರಲಿ. ಇಂಥ ಗಾಡಿಗಳಲ್ಲಿ ಬಹಳಷ್ಟಕ್ಕೆ ಸ್ಟೆಪ್ನಿಯೇ ಇರುವುದಿಲ್ಲ. ರನ್‌ಫ್ಲಾಟ್ ಟೈರ್ ಇದ್ದರೆ ಗಾಳಿ ಹೋದ ಮೇಲೂ 80ರ ವೇಗದಲ್ಲಿ 80 ಕಿ.ಮೀ. ತನಕ ಹೋಗಬಹುದು. ಅಂದರೆ ಹುಮನಾಬಾದಿನಲ್ಲಿ ಪಂಕ್ಚರ್ ಆದರೆ ಮನೆ ಮುಟ್ಟಬಹುದು, ಜಹೀರಾಬಾದಿನಲ್ಲಿ ಆದರೆ ಮುಟ್ಟಲಿಕ್ಕಿಲ್ಲ.

19 ಇಂಚಿನ ಗಾಲಿ ಇದ್ದರೆ 18ಕ್ಕೆ ಇಳಿಸುವುದನ್ನು ಯೋಚಿಸಿ. ಎಲ್ಲರೂ ದೊಡ್ಡದು ಮಾಡಿಸುತ್ತಾರೆ, ನಾನು ಸಣ್ಣದು ಮಾಡಿ ಅನ್ನುತ್ತಿದ್ದೇನೆ. 225/40 ಆರ್19 ಟೈರಿನ ಹೊರ ವ್ಯಾಸ ಸುಮಾರು 663 ಮಿ.ಮೀ., 225/45 ಆರ್18ದು 660. ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ, ಆದರೆ ಗುಂಡಿಗೂ ಅಲಾಯಿಗೂ ನಡುವೆ ರಬ್ಬರ್ ಸುಮಾರು ಒಂದು ಸೆಂಟಿಮೀಟರ್ ಜಾಸ್ತಿ ಸಿಗುತ್ತದೆ. ಕಂಪನಿ ಆ ಅಳತೆಯನ್ನು ನಿಮ್ಮ ಮಾಡೆಲ್ಲಿಗೆ ಒಪ್ಪಿದೆಯಾ, ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಒಳಗೆ ಕೂರುತ್ತದಾ ಅಂತ ನೋಡಿಕೊಳ್ಳಿ.

ಟೈರ್ ಅಂಗಡಿಯವರಿಗೆ ಎರಡು ಮಾತು ಮೊದಲೇ ಹೇಳಿ: ಒಳಗೆ ಪ್ರೆಶರ್ ಸೆನ್ಸರ್ ಇದೆ, ರಾಡ್ ಹಾಕಿ ಎಬ್ಬಬೇಡಿ. ಮತ್ತೆ ಬೋಲ್ಟ್ ಬಿಗಿಯಲು ಗಾಳಿ ಗನ್ ಬೇಡ, ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಬೇಕು. ಅವರ ಹತ್ತಿರ ಇಲ್ಲದಿದ್ದರೆ ನೀವೇ ತಗೊಂಡು ಇಟ್ಟುಕೊಳ್ಳಿ. ಅಲೈನ್‌ಮೆಂಟ್ ಮಾಡಿಸಿದರೆ ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ. ಟೋ (ಗಾಲಿ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಸ್ವಲ್ಪ ತಪ್ಪಿದರೂ ಟೈರಿನ ಒಳಗಿನ ಅಂಚು ಸದ್ದಿಲ್ಲದೆ ಸವೆಯುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ.

ಬ್ರೇಕ್ ಆಯಿಲ್ ಯಾರೂ ಕೇಳುವುದಿಲ್ಲ, ಆದರೆ ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಹಳೇ ಗಾಡಿ ತಗೊಂಡವರು ಮೊದಲ ವಾರವೇ ಬದಲಾಯಿಸಿ, ಎಂಜಿನ್ ಆಯಿಲ್ ಸಹಿತ.

ಹೊರಗೆ ಎಷ್ಟೇ ಬಿಸಿಲಿದ್ದರೂ ಆಯಿಲ್ ಬಿಸಿಯಾಗಲು ಹೊತ್ತು ಬೇಕು, ಅದರ ಮೀಟರ್ 80, 90 ಡಿಗ್ರಿ ತೋರಿಸುವ ತನಕ ಎಂಜಿನ್ ಚೀರಿಸಬೇಡಿ. ಮನೆ ಸಮೀಪಿಸುವಾಗ ಕೊನೆಯ ಎರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ, ಟರ್ಬೊ ತಣ್ಣಗಾಗಲಿ. ಬಂದ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಗಾಬರಿ ಬೇಡ, ಅದು ಹಾಗೇ ಇರುವುದು. ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ (ಪೆಟ್ರೋಲಿನ ದರ್ಜೆಯ ಅಂಕಿ) ಬೇಕು ಅಂತ ಬರೆದಿರುತ್ತದೆ, ಅದಕ್ಕಿಂತ ಕಡಿಮೆ ಹಾಕಬೇಡಿ. ಪಂಪಿನ ಹುಡುಗ "ಅವರೇಜ್ ಎಷ್ಟು ಕೊಡ್ತದ್ರಿ?" ಅಂತ ಕೇಳಿಯೇ ಕೇಳುತ್ತಾನೆ. ಊರೊಳಗೆ ಏಳೆಂಟು ಅಂತ ನಿಜ ಹೇಳಿದರೆ ಅವನು ನಿಮ್ಮನ್ನು ನೋಡುವ ನೋಟವೇ ಬೇರೆ.

ನಮ್ಮ ಬೋರಿನ ನೀರು ಗಡಸು, ಸುಣ್ಣದಕಲ್ಲಿನ ಸೀಮೆ ಇದು. ಬಿಸಿಲಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಪಾಲಿಶ್ ಮಾಡಿಸಿದರೂ ಪೂರ್ತಿ ಹೋಗುವುದಿಲ್ಲ. ಕೊನೆಯ ಬಕೆಟ್ ಆದರೂ ಫಿಲ್ಟರ್ ನೀರಿನದ್ದು ಇರಲಿ. ಒಣ ಬಟ್ಟೆಯಿಂದ ಧೂಳು ಒರೆಸುವ ಡ್ರೈವರಣ್ಣನಿಗೆ ಮೊದಲ ದಿನವೇ ಕೈಮುಗಿದು ಹೇಳಿ, ಆ ಧೂಳಲ್ಲಿ ಕಲ್ಲಿನ ಪುಡಿ ಇದೆ.

ತೊಗರಿ ಕಾಲದ ಒಂದು ಎಚ್ಚರಿಕೆ

ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ತೊಗರಿ, ಕಡಲೆ ಹರವಿರುತ್ತಾರೆ, ಗಾಡಿಗಳ ಗಾಲಿಯೇ ಒಕ್ಕಣೆ ಮಾಡಲಿ ಅಂತ. ಎತ್ತರದ ಗಾಡಿ ದಾಟಿಹೋಗುತ್ತದೆ. ನಿಮ್ಮ ಗಾಡಿಯ ಹೊಟ್ಟೆ ಆ ಕಟ್ಟಿಗೆಯನ್ನು ಗುಡಿಸಿಕೊಂಡು ಹೋಗುತ್ತದೆ, ಒಣ ಸೊಪ್ಪು ಸೈಲೆನ್ಸರಿನ ಬಿಸಿ ಭಾಗಕ್ಕೆ ಸಿಕ್ಕಿಕೊಂಡರೆ ಬೆಂಕಿ ಹತ್ತುತ್ತದೆ. ಹೀಗೆ ಕಾರುಗಳು ಸುಟ್ಟದ್ದು ಉಂಟು. ಆ ಕಾಲದಲ್ಲಿ ಹಳ್ಳಿ ದಾರಿ ಬಿಡಿ. ದಾಟಲೇಬೇಕಾದರೆ ರಾಶಿಯ ಪಕ್ಕದಲ್ಲಿ ಕೂತ ಅಜ್ಜನಿಗೆ "ಒಂದೀಟು ಸರಿಸ್ರಿ ಮುತ್ಯಾ" ಅಂತ ಕೇಳಿ, ಸರಿಸುತ್ತಾರೆ. ದಾಟಿದ ಮೇಲೆ ಇಳಿದು ಬಗ್ಗಿ ನೋಡಿ. ಡಿಕ್ಕಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಪವರ್ ಜಾಸ್ತಿ ಮಾಡಿಸುವುದು

ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲು, ಮಾಡಿಸಿದರೆ ಗಾಡಿಗೆ ಇನ್ನೊಂದು ಅರವತ್ತು ಎಪ್ಪತ್ತು ಹಾರ್ಸ್‌ಪವರ್ ಬರುತ್ತದೆ, ನಿಜ. ವಾರಂಟಿ ಹೋಗುತ್ತದೆ, ಅದೂ ನಿಜ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಇನ್ಶೂರೆನ್ಸಿನವರಿಗೆ ಇದು ಒಳ್ಳೆ ನೆಪ. ಸದ್ದಿನ ಸೈಲೆನ್ಸರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಹಸುಗೂಸುಗಳನ್ನು ಎಬ್ಬಿಸುವುದರಲ್ಲಿ ಶೋಕಿ ಏನೂ ಇಲ್ಲ. ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸುವುದಂತೂ ಇಲ್ಲಿ ಹುಚ್ಚುತನ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮೆತ್ತಗೆ ಮಾಡುವ ಬಟನ್ ಇದ್ದರೆ ಊರೊಳಗೆ ಕಂಫರ್ಟ್‌ನಲ್ಲೇ ಇಡಿ. ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಆಫ್ ಮಾಡುವ ಬಟನ್ ಇದೆ ಅನ್ನುವುದನ್ನೇ ಮರೆತುಬಿಡಿ, ಅದರಲ್ಲೂ ಮೊದಲ ಮಳೆಗೆ ರಸ್ತೆ ಮೇಲೆ ಕರಿ ಮಣ್ಣು ಹರಿದು ಬಂದಾಗ.

ಓಡಿಸುವುದು ಎಲ್ಲಿ ಅಂತೀರಾ? ರಾಜ್ಯದ ರಸ್ತೆಗಳಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು 2024ರ ಆಗಸ್ಟ್‌ನಿಂದ ಹೇಳುತ್ತಿದ್ದಾರೆ. ಕೇಸ್ ಒಂದು ಕಡೆ ಇರಲಿ, ಹುಮನಾಬಾದ್ ಹೈವೇಯಲ್ಲಿ ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ಲೈಟೂ ಇರುವುದಿಲ್ಲ. ಕಮಲಾಪುರ ದಾಟಿದ ಮೇಲೆ ಬರುವ ತಿರುವುಗಳು ನೂರರ ಒಳಗೇ ಸಾಕಷ್ಟು ಖುಷಿ ಕೊಡುತ್ತವೆ, ಬೆಳಿಗ್ಗೆ ಆರಕ್ಕೆ ಹೋದರೆ ರಸ್ತೆ ಖಾಲಿ.

ಜೋರಾಗಿಯೇ ಓಡಿಸಬೇಕು ಅಂದರೆ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸಲು ಬಿಡುವ ದಿನ) ಹುಡುಕಿ. ಚೆನ್ನೈ ಹತ್ತಿರ ಇರುಂಗಟ್ಟುಕೋಟೈಯಲ್ಲಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಹೋಗುವ ಮೊದಲು ಹೊಸ ಬ್ರೇಕ್ ಆಯಿಲ್ ಹಾಕಿಸಿ, ಪ್ಯಾಡಿನ ದಪ್ಪ ಅರ್ಧಕ್ಕಿಂತ ಕಡಿಮೆ ಇದ್ದರೆ ಬದಲಾಯಿಸಿ. ಸಾಮಾನ್ಯ ಇನ್ಶೂರೆನ್ಸ್ ರೇಸಿಗೆ, ವೇಗದ ಪರೀಕ್ಷೆಗೆ ಕವರ್ ಕೊಡುವುದಿಲ್ಲ, ಗುದ್ದಿದರೆ ಖರ್ಚು ನಿಮ್ಮದೇ. ನಾಲ್ಕೈದು ಸುತ್ತು ಜೋರಾಗಿ ಹೊಡೆದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದ ಹಾಗೆ ನಿಧಾನಕ್ಕೆ ಬನ್ನಿ, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕಿಗೆ ಪ್ಯಾಡ್ ಅಂಟುತ್ತದೆ. ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಟ್ರ್ಯಾಕಿನಲ್ಲಿ ಟೈರ್ ಬಿಸಿ ಇದ್ದಾಗ ಗಾಳಿ ಇಳಿಸಿದ್ದರೆ ಅವು ತಣ್ಣಗಾದ ಮೇಲೆ ಮತ್ತೆ ತುಂಬಿ, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಇನ್ನೊಮ್ಮೆ ನೋಡಿ, ಆಮೇಲೆ ಊರ ಕಡೆ ಹೊರಡಿ.